ಹುಳುವಿಗೊಂದು ಬೂಷ್ಟು, ಪೈರಿಗೊಂದು ತಾಳ್ಮೆ

ಸುಣ್ಣಕಟ್ಟು ರೋಗವೆಂದರೆ ರೇಷ್ಮೆ ಸಾಕುವ ಮನೆಯವರ ಎದೆ ಇಂದಿಗೂ ನಡುಗುತ್ತದೆ. ಚಂದ್ರಿಕೆ ಏರಬೇಕಾದ ಹುಳು ಸೆಟೆದು, ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿದ್ದಿರುತ್ತದೆ. ಇಟಲಿಯ ಅಗೊಸ್ಟಿನೊ ಬಾಸಿ ಎಂಬಾತ ಅನೇಕ ವರ್ಷ ಈ ರೋಗದ ಬೆನ್ನುಹತ್ತಿ, ಜೀವಂತ ಶಿಲೀಂಧ್ರವೊಂದು ಅದಕ್ಕೆ ಕಾರಣವೆಂದು 1835ರಲ್ಲಿ ಪ್ರಕಟಿಸಿದನು. ಬ್ಯೂವೇರಿಯಾ ಬಾಸಿಯಾನಾ ಎಂಬ ಹೆಸರಿನಲ್ಲಿ ಆತನ ನೆನಪು ಉಳಿದಿದೆ.

ರೇಷ್ಮೆಯ ಹುಳುವನ್ನು ಕೊಲ್ಲುವ ಬೂಷ್ಟು ಪೈರು ತಿನ್ನುವ ಹುಳುವನ್ನೇಕೆ ಕೊಲ್ಲಬಾರದು? ಪ್ರಶ್ನೆ ಹಳೆಯದು, ಅದರ ಉತ್ತರವನ್ನು ನಮ್ಮ ರೈತರು ಕಣ್ಣಾರೆ ಕಂಡದ್ದು ಈಚೆಗೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಕ್ಕೆ ಬಂದು, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಅದೇ ಮೊದಲು. ಈ ಹುಳು ಬಲು ಜಾಣ. ಸುಳಿಯೊಳಗೆ ಹೊಕ್ಕು, ಬಾಗಿಲಿಗೆ ತನ್ನ ಹಿಕ್ಕೆಯನ್ನೇ ಅಡ್ಡವಿಟ್ಟು ಕುಳಿತರೆ, ಹೊರಗೆ ಸಿಂಪಡಿಸಿದ ಔಷಧ ಅದನ್ನು ಮುಟ್ಟುವುದೇ ಕಷ್ಟ.

ಆದರೆ ಮಳೆಗಾಲದ ತೇವದಲ್ಲಿ ಕೆಲವು ಹೊಲಗಳಲ್ಲಿ ಹುಳುಗಳು ಎಲೆಗೆ ಅಂಟಿಕೊಂಡಂತೆಯೇ ಸತ್ತಿದ್ದವು. ಮೊದಲು ಬಿಳಿ, ಆಮೇಲೆ ತೆಳುಹಸಿರು. ಇದು ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರದ ಕೆಲಸ. ವೈರಸ್ಸು ಹುಳುವಿನ ಹೊಟ್ಟೆ ಸೇರಿದರೆ ಮಾತ್ರ ರೋಗ ತರುತ್ತದೆ. ಬೂಷ್ಟಿಗೆ ಅದು ಬೇಕಿಲ್ಲ. ಅದರ ಬೀಜಕಣ ಚರ್ಮದ ಮೇಲೆ ಬಿದ್ದು ಮೊಳೆತು, ಚರ್ಮವನ್ನು ಕರಗಿಸಿ ಒಳನುಗ್ಗಿ, ರಕ್ತದಲ್ಲಿ ಬೆಳೆಯುತ್ತದೆ. ಸತ್ತ ಹುಳುವಿನ ಮೈಮೇಲೆ ಕಾಣುವ ಹಸಿರು ಪುಡಿಯೆಲ್ಲ ಹೊಸ ಬೀಜಕಣಗಳೇ. ಗಾಳಿ ಅವನ್ನು ಪಕ್ಕದ ಗಿಡಕ್ಕೆ ಒಯ್ಯುತ್ತದೆ.

ಇಷ್ಟು ಕೇಳಿ ಹಿಗ್ಗಬೇಕಾಗಿಲ್ಲ. ಈ ಬೂಷ್ಟಿಗೆ ತೇವ ಬೇಕು, ಹುಳುವೂ ಹೇರಳವಾಗಿ ಬೇಕು. ಎಂದರೆ ಅದು ಬರುವುದು ತಡವಾಗಿ, ಪೈರಿಗೆ ಒಂದಿಷ್ಟು ಪೆಟ್ಟು ಬಿದ್ದ ಮೇಲೆ. ಅಲ್ಲಿಯವರೆಗೆ ಪೈರು ತಾಳಬೇಡವೆ?

ತಳಿಯ ಮಾತು ಬರುವುದು ಇಲ್ಲಿ. ಕ್ಯಾನ್ಸಾಸಿನ ರೆಜಿನಾಲ್ಡ್ ಪೇಂಟರ್ 1951ರ ತಮ್ಮ ಗ್ರಂಥದಲ್ಲಿ ಸಸ್ಯಗಳ ನಿರೋಧವನ್ನು ಮೂರು ಬಗೆಯಾಗಿ ಕಂಡರು: ಹುಳುವಿಗೆ ರುಚಿಸದಿರುವುದು, ತಿಂದ ಹುಳುವಿಗೆ ಕೇಡು ಮಾಡುವುದು, ತಿನ್ನಿಸಿಕೊಂಡೂ ಫಲ ಕೊಡುವುದು. ಮೂರನೆಯದೇ ಸಹಿಷ್ಣುತೆ. ವಿಷವುಣಿಸುವ ಗಿಡದೆದುರು ಹುಳು ಕ್ರಮೇಣ ತಾನೂ ಗಟ್ಟಿಯಾಗಬಹುದು. ಬರಿದೆ ಸಹಿಸುವ ಗಿಡದೆದುರು ಹಾಗಾಗಲು ಕಾರಣವಿಲ್ಲ. ಬೂಷ್ಟು ಬೆಳೆಯಲು ಬೇಕಾದ ಹುಳುಗಳೂ ಹೊಲದಲ್ಲಿ ಉಳಿದಿರುತ್ತವೆ. ಮುಸುಕಿನ ಜೋಳಕ್ಕೆ ಹುಟ್ಟಿನಿಂದಲೇ ಈ ಗುಣ ಸ್ವಲ್ಪ ಉಂಟು: ಸಸಿ ಐದಾರು ಎಲೆ ಬಿಡುವವರೆಗೆ ಬೆಳೆಯುವ ತುದಿ ನೆಲದೊಳಗೇ ಅಡಗಿರುವುದರಿಂದ, ಎಲೆ ಹರಿದರೂ ಗಿಡ ಮತ್ತೆ ಚಿಗುರುತ್ತದೆ. ಸೈನಿಕ ಹುಳುವನ್ನು ತಾಳುವ ಮೂರು ಸಂಕರ ತಳಿಗಳನ್ನು ಮೆಕ್ಸಿಕೋ ದೇಶದ ಸಿಮಿಟ್ ಸಂಸ್ಥೆ 2020ರಲ್ಲಿ ಆಫ್ರಿಕಕ್ಕಾಗಿ ಪ್ರಕಟಿಸಿತು.

ಹರಿದ ಎಲೆ ಕಂಡೊಡನೆ ಪಂಪು ಹೆಗಲೇರಿಸುವ ನಮ್ಮ ಅಭ್ಯಾಸವೇ ದೊಡ್ಡ ತೊಡಕೆಂದು ನನಗೆ ತೋರುತ್ತದೆ. ಎಲೆರೋಗಕ್ಕೆಂದು ಹೊಡೆಯುವ ಶಿಲೀಂಧ್ರನಾಶಕ ಈ ಉಪಕಾರಿ ಬೂಷ್ಟನ್ನೂ ಕೊಂದೀತು.

ಇನ್ನೊಂದು ಎಚ್ಚರಿಕೆ ಕರ್ನಾಟಕದವರಿಗೇ ಮೀಸಲು. ಬ್ಯೂವೇರಿಯಾ ಈಗ ಪುಡಿಯ ರೂಪದಲ್ಲಿ ಅಂಗಡಿಯಲ್ಲಿ ದೊರೆಯುತ್ತದೆ. ಅದಕ್ಕೆ ಸೈನಿಕ ಹುಳುವೂ ಒಂದೇ, ರೇಷ್ಮೆ ಹುಳುವೂ ಒಂದೇ. ಬದುವಿನಾಚೆ ಹಿಪ್ಪುನೇರಳೆ ತೋಟವಿದ್ದರೆ, ಆ ಪುಡಿಯನ್ನು ಹೊಲಕ್ಕೆ ತರುವ ಮೊದಲು ನೆರೆಯವರನ್ನು ಒಂದು ಮಾತು ಕೇಳಬೇಕು.