ಗಾಬರಿಯಾದಾಗ ತಲೆ ಯಾಕೆ ಓಡುವುದಿಲ್ಲ?



ಇವತ್ತು ನಾವು ಗಾಬರಿಯ ಬಗ್ಗೆ ಮಾತಾಡೋಣ.

ನಮ್ಮ ಕುಂದಗೋಳದ ಕಡೆ ಬೆಣ್ಣಿಹಳ್ಳ ಹರಿಯುತ್ತದೆ. ಬೇಸಿಗೆಯಲ್ಲಿ ಅದು ಸೊರಗಿರುತ್ತದೆ. ಮಳೆ ಜೋರಾದರೆ ಉಕ್ಕಿ ಹೊಲಕ್ಕೆ ನುಗ್ಗುತ್ತದೆ. 2009ರಲ್ಲಿ ಮತ್ತು 2019ರಲ್ಲಿ ಉತ್ತರ ಕರ್ನಾಟಕಕ್ಕೆ ದೊಡ್ಡ ನೆರೆ ಬಂತು. ಎಷ್ಟೋ ಮನೆಗಳು ಬಿದ್ದವು.

ನೀರು ಬಾಗಿಲಿಗೆ ಬಂದಾಗ ಏನಾಗುತ್ತದೆ? ಕೈಗೆ ಸಿಕ್ಕಿದ್ದನ್ನು ಹಿಡಿದು ಓಡುತ್ತೇವೆ. ರೇಷನ್ ಕಾರ್ಡು, ಪಾಸ್‌ಬುಕ್ಕು ಟ್ರಂಕಿನಲ್ಲೇ ಉಳಿಯುತ್ತವೆ. ಕೈಯಲ್ಲಿ ನೋಡಿದರೆ ಹಳೇ ಕೊಡ! ಆಮೇಲೆ ಮನೆಯವರು, "ನಿನಗ ಬುದ್ಧಿ ಐತೇನು?" ಅನ್ನುತ್ತಾರೆ. ನಮಗೆ ಬುದ್ಧಿಯೇ ಇಲ್ಲ ಎಂದು ನಾವೂ ನಂಬುತ್ತೇವೆ.

ಅದು ಸುಳ್ಳು. ನಮಗೆ ಬುದ್ಧಿ ಇದೆ. ಗಾಬರಿಯಲ್ಲಿ ಅದರ ಕೆಲಸ ಸ್ವಲ್ಪ ಹೊತ್ತು ಕುಂದುತ್ತದೆ. ಹೇಗೆ?

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಎರಡು ಸಣ್ಣ ಗ್ರಂಥಿಗಳಿವೆ. ಹೆದರಿಕೆಯಾದ ಕೂಡಲೇ ಅವು ರಕ್ತಕ್ಕೆ ಒಂದು ರಸ ಬಿಡುತ್ತವೆ. ಅದರ ಹೆಸರು ಅಡ್ರಿನಲಿನ್. ಆಗ ಎದೆ ಡವಡವ ಬಡಿಯುತ್ತದೆ. ಉಸಿರು ಜೋರಾಗುತ್ತದೆ. ಕೈಕಾಲಿಗೆ ಕಸುವು ಬರುತ್ತದೆ. ಹೊಲದಲ್ಲಿ ಹಾವು ಕಂಡರೆ ನಾವು ವಿಚಾರ ಮಾಡುತ್ತ ನಿಲ್ಲುತ್ತೇವೆಯೇ? ಇಲ್ಲ. ಹಿಂದೆ ಜಿಗಿಯುತ್ತೇವೆ. ಜೀವ ಉಳಿಯುತ್ತದೆ.

ಹಿಂದು ಮುಂದು ವಿಚಾರ ಮಾಡುವ ಮೆದುಳು ಹಣೆಯ ಹಿಂದೆ ಇದೆ. ಗಾಬರಿಯಲ್ಲಿ ಅದರ ಕೆಲಸ ಸಡಿಲಾಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ರಸವೂ ಹೆಚ್ಚುತ್ತದೆ. ಅದು ಕಾರ್ಟಿಸಾಲ್. ಅದು ಹೆಚ್ಚಾದಾಗ ಕಲಿತದ್ದು ಬೇಗ ನೆನಪಿಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಯಾರೋ ಗದರಿಸಿದರೆ ನಮ್ಮ ಹೆಸರಿನ ಅಕ್ಷರವೇ ಮರೆಯುತ್ತದೆ. ಮನೆಗೆ ಬಂದ ಮೇಲೆ ಎಲ್ಲ ನೆನಪಾಗುತ್ತದೆ. ಅಂದರೆ ಕಲಿತದ್ದು ಅಳಿಸಿಲ್ಲ.

ಇನ್ನೊಂದು ಮಾತು. ಹಾವು ನಮಗೆ ಜೀವನಪೂರ್ತಿ ನೆನಪಿರುತ್ತದೆ. ಆಗ ಪಕ್ಕದಲ್ಲಿ ಯಾರಿದ್ದರು ಎಂಬುದು ನೆನಪಿರುವುದಿಲ್ಲ. ಆದ್ದರಿಂದ ಪೆಟ್ಟು ತಿಂದ ಹೆಣ್ಣುಮಗಳು ನಡೆದದ್ದನ್ನು ಹಿಂದು ಮುಂದಾಗಿ ಹೇಳಬಹುದು. ಅಷ್ಟಕ್ಕೇ ಅವಳು ಸುಳ್ಳು ಹೇಳುತ್ತಾಳೆ ಅನ್ನಬಾರದು. ನೀರು ಕೊಟ್ಟು ಕೂಡಿಸಬೇಕು. ಸಾವಕಾಶ ಕೇಳಬೇಕು.

ಮೋಸಗಾರರಿಗೆ ಈ ಗುಟ್ಟು ಗೊತ್ತು. "ನಿಮ್ಮ ಮಗನ್ನ ಪೊಲೀಸರು ಹಿಡದಾರ, ಈಗಿಂದೀಗ ರೊಕ್ಕ ಕಳಸ್ರಿ" ಎಂದು ಫೋನು ಮಾಡುತ್ತಾರೆ. ನಮಗೆ ವಿಚಾರ ಮಾಡಲು ಪುರಸೊತ್ತು ಕೊಡುವುದಿಲ್ಲ.

ಹಾಗಾದರೆ ಏನು ಮಾಡೋಣ?

ಮೊದಲು ಉಸಿರು. ನಿಧಾನ ಎಳೆದುಕೊಳ್ಳೋಣ. ಅದಕ್ಕಿಂತ ನಿಧಾನ ಬಿಡೋಣ. ಹೀಗೆ ಐದಾರು ಸಲ ಮಾಡಿದರೆ ಎದೆಬಡಿತ ಇಳಿಯುತ್ತದೆ. ಆದರೆ ನೀರು, ಬೆಂಕಿ ಬಂದಾಗ ಮೊದಲು ಜೀವ ಉಳಿಸಿಕೊಳ್ಳಬೇಕು.

ಎರಡನೆಯದು ಸಮಯ. "ಸ್ವಲ್ಪ ತಡೀರಿ, ಮನ್ಯಾಗ ಕೇಳಿ ಹೇಳ್ತೀನಿ" ಅನ್ನೋಣ. ಗಾಬರಿಯಲ್ಲಿ ಸಹಿ ಮಾಡುವುದು ಬೇಡ. ರೊಕ್ಕ ಕಳಿಸುವುದೂ ಬೇಡ.

ಮೂರನೆಯದು ಬರಹ. ಗಾಬರಿಯಲ್ಲಿ ನೆನಪು ಕೈಕೊಡಬಹುದು. ಗೋಡೆಯ ಮೇಲೆ ಬರೆದದ್ದು ಅಲ್ಲೇ ಇರುತ್ತದೆ. ಇದಕ್ಕೇ ಅಕ್ಷರ ಬೇಕು.

ಭಯ ಹೋಗದೆ ಬಹಳ ದಿನ ನಿದ್ದೆ ಬಾರದಿದ್ದರೆ ಅದಕ್ಕೂ ಔಷಧ, ಉಪಚಾರ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲ.

ಇವತ್ತೇ ಮನೆಗೆ ಹೋಗಿ ಒಂದು ಕೆಲಸ ಮಾಡಿರಿ. ಕಾಗದಪತ್ರ ಎಲ್ಲ ಒಂದೇ ಚೀಲದಲ್ಲಿ ಇಡಿರಿ. ಬಾಗಿಲ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ:

ಚೀಲ ತಗೋ.
ಆಪತ್ತು ಬಂದರೆ 112.
ಫೋನಿನಲ್ಲಿ ಮೋಸವಾದರೆ 1930.
ಮನಸ್ಸಿಗೆ ಕಷ್ಟವಾದರೆ 14416.

ನಿಮ್ಮ ಕೈಯಿಂದಲೇ ಬರೆಯಿರಿ. ಬರೆದದ್ದನ್ನು ಮನೆಯವರಿಗೆಲ್ಲ ಓದಿ ಹೇಳಿರಿ.