ತುತ್ತೂರಿಯ ಒಗ್ಗರಣೆ

ಬಸ್ಸಿನಾಟ ಆಡುವಾಗ ತುಟಿ ಬಿಗಿಹಿಡಿದು ‘ಬುರ್ರ್’ ಅಂತೀರಲ್ಲ, ಈಗೊಮ್ಮೆ ಅನ್ನಿ ನೋಡೋಣ. ತುಟಿ ಕಚಗುಳಿಯಿಟ್ಟಂತೆ ನಡುಗಿತೇ? ರಾಯದುರ್ಗದಲ್ಲೋ ಮಡಕಶಿರಾದಲ್ಲೋ ಮದುವೆ ಮೆರವಣಿಗೆ ಹೊರಟಾಗ ಟ್ರಂಪೆಟ್ ಊದುವ ಅಣ್ಣ ಮಾಡುವುದೂ ಇದನ್ನೇ. ವಾದ್ಯ ಕೆಳಗಿಳಿಸಿದಾಗ ಅವರ ತುಟಿ ನೋಡಿ, ಉಂಗುರ ಒತ್ತಿದಂಥ ದುಂಡನೆಯ ಗುರುತು ಇರುತ್ತದೆ. ನಡುಗಿದ್ದು ಆ ತುಟಿಯೇ. ಜಾತ್ರೆಯ ಕೊಂಬು, ಕಹಳೆಗಳ ಗುಟ್ಟೂ ಇದೇ.

ಗಿಡಕ್ಕೆ ನೀರು ಬಿಡುವ ಹಳೇ ಪೈಪು ಮನೆಯಲ್ಲಿದ್ದರೆ, ದೊಡ್ಡವರನ್ನು ಕೇಳಿ ಒಂದೂವರೆ ಮೀಟರ್ ಕತ್ತರಿಸಿಕೊಳ್ಳಿ. ಚೆನ್ನಾಗಿ ತೊಳೆದು, ಒಂದು ತುದಿಗೆ ಅಡುಗೆಮನೆಯ ಲಾಳಿಕೆ ಸಿಕ್ಕಿಸಿ, ಇನ್ನೊಂದಕ್ಕೆ ತುಟಿಯಿಟ್ಟು ‘ಬುರ್ರ್’ ಅನ್ನಿ. ಮೊದಮೊದಲು ಬರೀ ಗಾಳಿ ಬಂದೀತು, ಬಿಡಬೇಡಿ. ಇದ್ದಕ್ಕಿದ್ದಂತೆ ‘ಭೋಂ’ ಅನ್ನುತ್ತದೆ! ಸುರುಳಿ ಬಿಡಿಸಿದರೆ ಟ್ರಂಪೆಟ್ಟೂ ಹೆಚ್ಚುಕಡಿಮೆ ಇಷ್ಟೇ ಉದ್ದ. ಹಿತ್ತಾಳೆಯೇ ಇಲ್ಲದೆ ತುತ್ತೂರಿ ನುಡಿಯಿತಲ್ಲ!

ಆ ‘ಭೋಂ’ನಂಥ ಒಂದು ಸ್ವರ ಅಂದರೆ ಒಂಟಿ ದನಿಯಲ್ಲ. ತಳದಲ್ಲೊಂದು ದಪ್ಪ ದನಿ, ಅದರ ಮೇಲೆ ಹಲವು ಸಣ್ಣ ಕೀಚಲು ದನಿಗಳು. ಅನ್ನ ಒಂದೇ ಆದರೂ ಸಾಸಿವೆ, ಮೆಣಸಿನಕಾಯಿ ಎಷ್ಟು ಬಿದ್ದವು ಅನ್ನುವುದರ ಮೇಲೆ ಚಿತ್ರಾನ್ನದ ರುಚಿ. ದನಿಗೂ ಹೀಗೊಂದು ಒಗ್ಗರಣೆ ಇದೆ.

ಈ ಒಗ್ಗರಣೆ ಕೊಳವೆಯ ಆಕಾರದಿಂದಲೂ ಬದಲಾಗುತ್ತದೆ. ಟ್ರಂಪೆಟ್ಟಿನಂತೆಯೇ ತುಟಿ ನಡುಗಿಸಿ ಊದುವ ಟ್ರಾಂಬೋನ್, ಯೂಫೋನಿಯಂ ಎಂಬ ವಾದ್ಯಗಳನ್ನೇ ನೋಡಿ. ಎರಡರ ಕೊಳವೆಯೂ ಸುಮಾರು 2.7 ಮೀಟರ್. ಆದರೆ ಟ್ರಾಂಬೋನಿನ ಕೊಳವೆ ಬಹುದೂರ ಪೆನ್ಸಿಲಿನ ಹಾಗೆ ಒಂದೇ ದಪ್ಪ, ಕೊನೆಗೆ ಹೂವಿನಂತೆ ಅರಳುತ್ತದೆ. ಯೂಫೋನಿಯಂ ಎತ್ತಿನ ಕೊಂಬಿನಂತೆ ಹೋಗ್ತಾ ಹೋಗ್ತಾ ಅಗಲವಾಗುತ್ತದೆ. ಅದಕ್ಕೇ ಒಂದೇ ಸ್ವರ ನುಡಿಸಿದರೂ ಟ್ರಾಂಬೋನಿನ ದನಿ ಖಾರ, ಯೂಫೋನಿಯಂನದು ತುಪ್ಪ ಕಲಸಿದ ಅನ್ನ.

ಜೋರಾಗಿ ಊದಿದರೆ ಖಾರ ಇನ್ನೂ ಏರುತ್ತದೆ. ಶಾಲೆ ಬಿಟ್ಟಾಗ ಇಕ್ಕಟ್ಟಾದ ಓಣಿಯಲ್ಲಿ ಹಿಂದಿನವರು ಓಡಿ ಬಂದು ಮುಂದಿನವರ ಬೆನ್ನಿಗೆ ಬೀಳುತ್ತಾರಲ್ಲ, ಹಾಗೆ. ದನಿ ಎಂದರೆ ಗಾಳಿಯ ಅಲೆ. ಗಾಳಿ ಬಿಗಿಯಾಗಿ ಒತ್ತಿಕೊಂಡ ಭಾಗ ತುಸು ಬೇಗ ಓಡಿ ಮುಂದಿನ ಭಾಗವನ್ನು ಮುಟ್ಟುತ್ತದೆ. ದುಂಡಗಿದ್ದ ಅಲೆ ಕಡಿದಾದ ಗೋಡೆಯಾಗುತ್ತದೆ, ಕೀಚಲು ದನಿಗಳು ಹೆಚ್ಚುತ್ತವೆ. ಟ್ರಾಂಬೋನಿನಲ್ಲಿ ಇದು ಎಷ್ಟು ಜೋರೆಂದರೆ, ಪಟಾಕಿ ಸಿಡಿದಾಗ ಹೊಮ್ಮುವಂಥ ಆಘಾತದ ಅಲೆಯೇ ಅದರೊಳಗೆ ಏಳುವುದನ್ನು ವಿಜ್ಞಾನಿಗಳು 1996ರಲ್ಲಿ ತೋರಿಸಿಕೊಟ್ಟರು. ಯೂಫೋನಿಯಂನಲ್ಲಿ ಓಣಿ ಅಗಲವಾಗುತ್ತಲೇ ಇರುವುದರಿಂದ ನೂಕುನುಗ್ಗಲು ಕಡಿಮೆ.

ಈಗ ನಿಮ್ಮ ಪೈಪಿನ ಲಾಳಿಕೆ ಕಿತ್ತುಬಿಟ್ಟು ಮತ್ತೊಮ್ಮೆ ಊದಿ. ಒಗ್ಗರಣೆಯಲ್ಲಿ ಏನು ಕಡಿಮೆಯಾಯಿತು?