ಆಕ್ಸ್‌ಫರ್ಡಿನ ಸಾಕ್ರೆಟಿಕ್ ಗೋಷ್ಠಿಯೂ ಅದರ ಪತ್ರಿಕೆಯೂ



ಆಂಗ್ಲದೇಶದ ಆಕ್ಸ್‌ಫರ್ಡು ವಿದ್ಯಾಪೀಠದಲ್ಲಿ 1941ನೆಯ ಇಸವಿಯ ಅಂತ್ಯಭಾಗದಲ್ಲಿ ಸಾಕ್ರೆಟಿಕ್ ಕ್ಲಬ್ ಎಂಬ ವಿದ್ಯಾರ್ಥಿಗಳ ತತ್ತ್ವಗೋಷ್ಠಿಯೊಂದು ಹುಟ್ಟಿತು. ಆಗ ಮಹಾಯುದ್ಧದ ಮೂರನೆಯ ವರ್ಷ. ತರುಣರು ಓದನ್ನು ನಡುವೆಯೇ ಬಿಟ್ಟು ರಣರಂಗಕ್ಕೆ ತೆರಳುತ್ತಿದ್ದ ಆ ದಿನಗಳಲ್ಲಿ ದೇವರಿರುವನೋ ಇಲ್ಲವೋ ಎಂಬುದು ಕೇವಲ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿರಲಿಲ್ಲ. ಸಾಮರ್‌ವಿಲ್ ಎಂಬ ಸ್ತ್ರೀಯರ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು, ಇಗರ್ಜಿಯವರೂ ಧಾರ್ಮಿಕ ಸಂಘದವರೂ ತನ್ನ ಸಂಶಯಗಳನ್ನು ಎಂದೋ ಪರಿಹಾರವಾದುವೆಂದು ಭಾವಿಸಿ ಮಾತನಾಡುವರೆಂದು ದೂರಿದಳು. ವಿದ್ಯಾರ್ಥಿನಿಯರ ಧಾರ್ಮಿಕ ಹಿತಚಿಂತನೆಗೆ ನಿಯುಕ್ತರಾಗಿದ್ದ ಸ್ಟೆಲ್ಲಾ ಆಲ್ಡ್‌ವಿಂಕಲ್ ಎಂಬವರು ಆ ದೂರನ್ನು ಉಪದೇಶದಿಂದ ಅಡಗಿಸದೆ, ನಾಸ್ತಿಕರೂ ಸಂಶಯವಾದಿಗಳೂ ಬಂದು ಕೂಡಬೇಕೆಂದು ಪ್ರಕಟನೆಯನ್ನು ಅಂಟಿಸಿದರು. ಗೋಷ್ಠಿಯ ಬೀಜವು ಇದೇ.

ವಿದ್ಯಾರ್ಥಿಸಂಘಗಳಿಗೆ ಅಧ್ಯಾಪಕರೊಬ್ಬರ ಹೊಣೆಯಿರಬೇಕೆಂಬುದು ಅಲ್ಲಿಯ ನಿಯಮ. ಮ್ಯಾಗ್ಡಲೆನ್ ಕಾಲೇಜಿನಲ್ಲಿ ಆಂಗ್ಲಸಾಹಿತ್ಯವನ್ನು ಬೋಧಿಸುತ್ತಿದ್ದ ಸಿ. ಎಸ್. ಲೂಯಿಸ್ ಮಹಾಶಯರು ಅಧ್ಯಕ್ಷಪದವಿಯನ್ನು ಸ್ವೀಕರಿಸಿದರು. ಅವರು ಯೌವನದಲ್ಲಿ ನಾಸ್ತಿಕರಾಗಿದ್ದು 1931ರಲ್ಲಿ ಕ್ರೈಸ್ತಶ್ರದ್ಧೆಗೆ ಮರಳಿದವರು. ಎರಡು ದಡಗಳನ್ನೂ ಕಂಡವರು. 1942ರ ಜನವರಿಯಿಂದ ಸೋಮವಾರದ ಸಂಜೆಗಳಲ್ಲಿ ಸಭೆ ಸೇರತೊಡಗಿತು. ಒಬ್ಬರು ಪ್ರಬಂಧವನ್ನೋದುವುದು, ಇನ್ನೊಬ್ಬರು ಉತ್ತರ ಕೊಡುವುದು, ಆಮೇಲೆ ಸರ್ವರಿಗೂ ಮಾತು. ಇಷ್ಟೇ ಅದರ ವಿಧಿ. ವಾದವು ಎಲ್ಲಿಗೆ ಕೊಂಡೊಯ್ದರೆ ಅಲ್ಲಿಗೆ ನಡೆಯತಕ್ಕದ್ದೆಂಬ ಸಾಕ್ರೆಟೀಸನ ಮಾರ್ಗವೇ ಅದರ ವ್ರತ.

ಸಭೆಯಲ್ಲಿ ಓದಿದುದನ್ನು ಉಳಿಸುವುದಕ್ಕಾಗಿ ಸಾಕ್ರೆಟಿಕ್ ಡೈಜೆಸ್ಟ್ ಎಂಬ ಪತ್ರಿಕೆಯು ಹೊರಟಿತು. ಕಾಗದಕ್ಕೆ ಸರಕಾರದ ಕಟ್ಟಳೆಯಿದ್ದ ಕಾಲವದು. 1943ರಿಂದ 1952ರ ವರೆಗೆ ಬಂದುದು ಐದೇ ಸಂಚಿಕೆಗಳು. ಮೊದಲನೆಯದರ ಮುನ್ನುಡಿಯಲ್ಲಿ ಲೂಯಿಸರು, ಗೋಷ್ಠಿಯನ್ನು ಕಟ್ಟಿದವರು ಕ್ರೈಸ್ತರೇ ಎಂಬುದನ್ನು ಮುಚ್ಚಿಡಲಿಲ್ಲ. ತಾವು ಪಕ್ಷಪಾತರಹಿತರೆಂದು ಹೇಳಿಕೊಳ್ಳಲೂ ಇಲ್ಲ. ವಾದಕ್ಕೆ ಮಾತ್ರ ಪಕ್ಷವಿಲ್ಲ, ಎದುರಾಳಿಯ ಬಾಣಕ್ಕೆ ತಾವೂ ಅಷ್ಟೇ ಗುರಿಯೆಂದರು. ಸಮರ್ಥ ನಾಸ್ತಿಕರನ್ನು ಕರೆತರಲು ಕಾರ್ಯಸಮಿತಿಯವರು ಗಣ್ಯರ ನಾಮಾವಳಿಯ ಗ್ರಂಥವನ್ನೇ ತಡಕಿದರಂತೆ! ತನ್ನ ಮತವನ್ನು ಖಂಡಿಸುವವರನ್ನು ಹೀಗೆ ಹುಡುಕಿ ಕರೆಯುವ ಸಂಘಗಳು ಯಾವ ದೇಶದಲ್ಲಿಯೂ ವಿರಳ.

ಆ ಬಾಣವು ಅಧ್ಯಕ್ಷರಿಗೇ ತಗುಲಿದುದು 1948ರ ಫೆಬ್ರವರಿ 2ರಂದು. ಹಿಂದಿನ ವರ್ಷ ಲೂಯಿಸರು ಪವಾಡಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದ್ದರು. ಪ್ರಕೃತಿಯ ಹೊರತು ಬೇರೇನೂ ಇಲ್ಲವೆಂಬ ಮತವು ತನ್ನನ್ನು ತಾನೇ ಖಂಡಿಸಿಕೊಳ್ಳುವುದೆಂದು ಅದರ ಮೂರನೆಯ ಅಧ್ಯಾಯದ ವಾದ. ಆಲೋಚನೆಗಳೆಲ್ಲವೂ ಜಡವಸ್ತುವಿನ ಕುರುಡು ಚಲನೆಯ ಫಲವಾದರೆ ಯಾವ ಆಲೋಚನೆಯನ್ನೂ ನಂಬುವಂತಿಲ್ಲ; ಹಾಗಾದರೆ ಪ್ರಕೃತಿವಾದಿಯ ಆಲೋಚನೆಯನ್ನು ಮಾತ್ರ ನಂಬುವುದೆಂತು? ಇದನ್ನು ಪರೀಕ್ಷಿಸಲು ನಿಂತವರು ಎಲಿಜಬೆತ್ ಆನ್ಸ್‌ಕೋಂಬ್ ಎಂಬ ಇಪ್ಪತ್ತೆಂಟು ವರ್ಷದ ವಿದುಷಿ, ವಿಟ್‌ಗೆನ್‌ಸ್ಟೈನ್ ಎಂಬ ತತ್ತ್ವಜ್ಞನ ಶಿಷ್ಯೆ. ಆಕೆ ನಾಸ್ತಿಕಳಲ್ಲ, ಶ್ರದ್ಧಾವಂತ ಕ್ಯಾಥೊಲಿಕಳು. ಮತವು ಸತ್ಯವಾದ ಮಾತ್ರಕ್ಕೆ ಅದರ ಪರವಾದ ದುರ್ಬಲವಾದವನ್ನು ಬಿಟ್ಟುಕೊಡಬಾರದೆಂಬ ನಿಷ್ಠೆ ಆಕೆಯದು.

ಬುದ್ಧಿಗೆ ವಿರುದ್ಧವಾದ ಕಾರಣ ಬೇರೆ, ಬುದ್ಧಿಯಿಲ್ಲದ ಕಾರಣ ಬೇರೆ ಎಂದು ಆಕೆ ಮೊದಲು ವಿಂಗಡಿಸಿದರು. ಸಿಟ್ಟಿನಿಂದಲೋ ಜ್ವರದ ಭ್ರಮೆಯಿಂದಲೋ ಆಡಿದ ಮಾತನ್ನು ಶಂಕಿಸುವುದು ನ್ಯಾಯ. ಮಿದುಳಿನ ಚಲನೆಯನ್ನು ಅದೇ ಸಾಲಿಗೆ ಸೇರಿಸುವುದು ಹೇಗೆ? ಇದಲ್ಲದೆ, ಒಬ್ಬನು ಏಕೆ ಹೀಗೆನ್ನುವನೆಂಬ ಪ್ರಶ್ನೆಗೆ ಉತ್ತರಗಳು ಎರಡು ತೆರನಾದುವು. ನಮ್ಮ ಕಡೆಯ ಮಾತಿನಲ್ಲಿಯೇ ನೋಡಬಹುದು: ಬಾಲಕನೊಬ್ಬನು ಲೆಕ್ಕಕ್ಕೆ ಸರಿಯುತ್ತರವನ್ನು ಹೇಳಿದನು. ಅವನು ಬಾಯಿ ತೆರೆದುದಕ್ಕೆ ಉಪಾಧ್ಯಾಯರ ಬೆತ್ತದ ಭಯವು ಕಾರಣ. ಉತ್ತರವು ಸರಿಯೆಂಬುದಕ್ಕೆ ಮಗ್ಗಿಯು ಆಧಾರ. ಕಾರಣವನ್ನು ತೋರಿಸಿದ ಮಾತ್ರಕ್ಕೆ ಆಧಾರವು ಬಿದ್ದುಹೋಗಲಾರದು.

ಲೂಯಿಸರು ಪ್ರತ್ಯುತ್ತರ ಕೊಟ್ಟರು. ಆ ಸಂಜೆ ಅವರಿಗೆ ಬಹಳ ನೋವಾಯಿತೆಂದು ಕೆಲವು ಮಿತ್ರರು ಬರೆದಿರುವರು. ಆನ್ಸ್‌ಕೋಂಬರ ನೆನಪಿನಲ್ಲಿ ಅದು ಗಂಭೀರವಾದ ಚರ್ಚೆ ಮಾತ್ರ. ನೋವಿನ ಅಳತೆ ಹೇಗೇ ಇರಲಿ, ಗೋಷ್ಠಿಯು ಮಾಡಿದುದು ಮುಖ್ಯ. ಅಧ್ಯಕ್ಷರ ಗ್ರಂಥವನ್ನು ಖಂಡಿಸಿದ ಪ್ರಬಂಧವನ್ನು ತನ್ನ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಅಚ್ಚುಹಾಕಿಸಿತು. ಅದು ಅಚ್ಚಾಗದೆ ಹೋಗಿದ್ದರೆ ಆ ರಾತ್ರಿಯ ವಿಷಯದಲ್ಲಿ ಉಳಿಯುತ್ತಿದ್ದುದು ಯಾರು ಗೆದ್ದರೆಂಬ ಹರಟೆಯೊಂದೇ. ಅಚ್ಚಾದುದರಿಂದ ವಾದವೇ ಉಳಿಯಿತು. ಲೂಯಿಸರು 1960ರ ಮುದ್ರಣಕ್ಕಾಗಿ ಆ ಅಧ್ಯಾಯವನ್ನು ತಿದ್ದಿ ಬಹುಭಾಗ ಹೊಸದಾಗಿ ಬರೆದು, ಅದರ ಹೆಸರನ್ನೂ ಬದಲಿಸಿದರು. 1963ರಲ್ಲಿ ಅವರು ತೀರಿಕೊಂಡರು. 1981ರಲ್ಲಿ ತಮ್ಮ ಪ್ರಬಂಧಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ಆನ್ಸ್‌ಕೋಂಬರು, ಹೊಸ ಅಧ್ಯಾಯವು ಹಳೆಯದಕ್ಕಿಂತ ಮಿಗಿಲೆಂದೂ, ತಿದ್ದಿ ಬರೆದುದೇ ಲೂಯಿಸರ ಪ್ರಾಮಾಣಿಕತೆಗೆ ಸಾಕ್ಷಿಯೆಂದೂ ಒಪ್ಪಿದರು. ಆದರೂ ಅದು ಪೂರ್ಣವಾಯಿತೆನ್ನಲಿಲ್ಲ.

ಗೋಷ್ಠಿಯಲ್ಲಿ ಓದಿದ ಬೇರೊಂದು ಪ್ರಬಂಧವು ಇನ್ನೂ ದೂರ ಸಂಚರಿಸಿತು. ಕ್ರೈಸ್ತಬೋಧಕರ ಮಗನಾಗಿದ್ದೂ ನಾಸ್ತಿಕರಾಗಿದ್ದ ಆಂಟನಿ ಫ್ಲೂ ಎಂಬ ತರುಣ ಅಧ್ಯಾಪಕರು 1950ರಲ್ಲಿ, ಕಣ್ಣಿಗೆ ಕಾಣದ, ಕೈಗೆ ಸಿಕ್ಕದ, ಯಾವ ಕಾವಲಿಗೂ ಗೋಚರಿಸದ ತೋಟಗಾರನಿಗೂ ತೋಟಗಾರನೇ ಇಲ್ಲವೆಂಬುದಕ್ಕೂ ಭೇದವೇನೆಂದು ಪ್ರಶ್ನಿಸಿದರು. ಕಥೆಯು ಜಾನ್ ವಿಸ್‌ಡಂ ಎಂಬ ತತ್ತ್ವಜ್ಞರಿಂದ ಬಂದುದು, ಅದರ ಮೊನೆ ಫ್ಲೂ ಅವರದು. ಯೂನಿವರ್ಸಿಟಿ ಎಂಬ ಅಲ್ಪಾಯುವಾದ ಪತ್ರಿಕೆಯಲ್ಲಿ ಅಚ್ಚಾದ ಆ ಕೆಲವೇ ಪುಟಗಳು 1955ರಲ್ಲಿ ಗ್ರಂಥವೊಂದಕ್ಕೆ ಸೇರಿ, ಮುಂದೆ ಎಷ್ಟೋ ಸಂಕಲನಗಳಲ್ಲಿ ಮರುಮುದ್ರಿತವಾದುವು. ಅದೇ ಫ್ಲೂ ಅವರು 2004ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಸೃಷ್ಟಿಗೆ ಮೂಲವಾದ ಚೈತನ್ಯವೊಂದುಂಟೆಂದು ತಮಗೆ ಮನವರಿಕೆಯಾಗಿರುವುದಾಗಿ ಸಾರಿದರು. ಯಾವ ಮತಕ್ಕೂ ಸೇರಲಿಲ್ಲ. ತಾವು ವಾದವನ್ನು ಹಿಂಬಾಲಿಸಿ ನಡೆದುದಾಗಿ ಹೇಳಿದರು. ಆ ವೇಳೆಗೆ ಗೋಷ್ಠಿಯು ನಿಂತುಹೋಗಿ 32 ವರ್ಷಗಳಾಗಿದ್ದುವು.